ಬಸವನಹುಳುವಿನ ಹುಳು

ಬಸವನಹುಳು ಹುಳುವಲ್ಲ, ಮೃದ್ವಂಗಿ ಎಂದು ಶಾಲೆಯಲ್ಲಿ ತಿದ್ದುತ್ತಾರೆ. ಆ ತಿದ್ದುಪಡಿಗೆ ನನ್ನ ಮನಸ್ಸು ಇನ್ನೂ ಪೂರ್ತಿ ಒಪ್ಪಿಲ್ಲ.

ಕನ್ನಡದ ‘ಹುಳು’ ದೊಡ್ಡ ಸಂಸಾರದ ಮನೆ. ಕಾಲೇ ಇಲ್ಲದ ಎರೆಹುಳು, ಹದಿನಾರು ಕಾಲಿನ ರೇಷ್ಮೆಹುಳು, ರೆಕ್ಕೆ ಬಡಿಯುವ ಜೇನುಹುಳು, ಬೆಳಕು ಬೀರುವ ಮಿಂಚುಹುಳು ಎಲ್ಲಕ್ಕೂ ಅಲ್ಲಿ ಜಾಗವಿದೆ. ಕತ್ತಲಾದ ಮೇಲೆ ಹಾವಿನ ಹೆಸರೆತ್ತಲು ಅಂಜಿ ‘ಹುಳ ಮುಟ್ಟಿತು’ ಎನ್ನುವ ಹಳ್ಳಿಗಳೂ ಉಂಟು. ಇಷ್ಟು ಅಗಲವಾದ ಮಾತು ಅಜ್ಞಾನದಿಂದ ಹುಟ್ಟಿದ್ದೆನ್ನುವವರು ಸ್ವೀಡನ್ನಿನ ಲಿನೇಯಸ್ ಏನು ಮಾಡಿದನೆಂದು ನೋಡಬೇಕು. 1758ರಲ್ಲಿ ಅವನು ಪ್ರಾಣಿಲೋಕವನ್ನು ಆರು ವರ್ಗ ಮಾಡಿದ. ಕೊನೆಯ ವರ್ಗದ ಹೆಸರು ‘ವರ್ಮಿಸ್’, ಅಂದರೆ ಹುಳುಗಳು. ಬಸವನಹುಳು, ಶಂಖ, ಕವಡೆ, ಮುತ್ತಿನ ಚಿಪ್ಪು ಎಲ್ಲವೂ ಅದರೊಳಗೆ ಸೇರಿದವು. ಬಸವನಹುಳುವಿನ ಮಟ್ಟಿಗೆ ನಮ್ಮ ಅಜ್ಜಿಯರ ವಿಂಗಡಣೆಯೂ ಅವನದೂ ಒಂದೇ.

ಆದರೆ ಒಂದು ಕಡೆ ಅವನು ಅಜ್ಜಿಯರಿಗಿಂತ ಹಿಂದೆ ಬಿದ್ದ. ಚಿಪ್ಪು ಹೊತ್ತವನ್ನು ಒಂದು ಗಣಕ್ಕೂ ಬರಿಮೈಯವನ್ನು ‘ಮೊಲಸ್ಕ’ ಎಂಬ ಇನ್ನೊಂದು ಗಣಕ್ಕೂ ಹಾಕಿ, ಒಂದೇ ಬಳಗವನ್ನು ಎರಡು ಮಾಡಿದ. ಮೃದು ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದ ಆ ಹೆಸರಿನಡಿ ಚಿಪ್ಪಿನವನ್ನೂ ಬರಿಮೈಯವನ್ನೂ ಒಟ್ಟಿಗೆ ತಂದದ್ದು 1795ರಲ್ಲಿ ಫ್ರಾನ್ಸಿನ ಕ್ಯುವಿಯೆ. ಒಳಗಿನ ಅಂಗಾಂಗ ಬಿಡಿಸಿ ನೋಡಿದವನಿಗೆ ಹೊರಗಿನ ಚಿಪ್ಪು ದೊಡ್ಡದೆನಿಸಲಿಲ್ಲ.

ನಮ್ಮ ‘ಮೃದ್ವಂಗಿ’ ಆ ಲ್ಯಾಟಿನ್ ಹೆಸರಿನ ಸಂಸ್ಕೃತ ರೂಪ. ಮೃದುವಾದ ಅಂಗವುಳ್ಳದ್ದು. ಕನ್ನಡದ ಮಗುವಿನ ಕಿವಿಗೆ ಅದು ಮೆತ್ತನೆಯ ಅಂಗಿ ಎಂದೇ ಕೇಳಿಸುತ್ತದೆ, ಮತ್ತು ಹಾಗೆ ಕೇಳಿಸಿಕೊಂಡ ಮಗುವೂ ನಿಜದ ಹತ್ತಿರವೇ ಇರುತ್ತದೆ. ಈ ಪ್ರಾಣಿಗಳ ಮೈಗೆ ಮೆತ್ತನೆಯ ಮೇಲುಹೊದಿಕೆಯೊಂದಿದೆ. ಸುಣ್ಣವನ್ನು ಒಸರಿ ಚಿಪ್ಪು ಕಟ್ಟುವುದು ಅದೇ.

‘ಬಸವ’ನಿಗೆ ವಿವರಣೆ ಬೇಕಿಲ್ಲ, ತಲೆಯೆತ್ತಿ ಕೊಂಬು ಚಾಚಿದಾಗ ನೋಡಿದರೆ ಸಾಕು. ತೋಟದ ಬಸವನಹುಳುವಿಗೆ ಕೊಂಬು ಎರಡು ಜೊತೆ, ಉದ್ದನೆಯ ಜೊತೆಯ ತುದಿಯಲ್ಲಿ ಕಣ್ಣು.

ಮಾತು ಕಟ್ಟುವ ಈ ಕೆಲಸ ನಿಂತಿಲ್ಲ. ಪೂರ್ವ ಆಫ್ರಿಕದ ದೈತ್ಯ ಬಸವನಹುಳುವನ್ನು 1847ರಲ್ಲಿ ಬೆನ್ಸನ್ ಎಂಬ ಚಿಪ್ಪುಶಾಸ್ತ್ರಜ್ಞ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದ. ಇಂದು ಅದು ಕೊಡಗಿನ ಶನಿವಾರಸಂತೆಯ ಕಾಫಿ ತೋಟಗಳನ್ನೂ ಮೇಯುತ್ತಿದೆ. ಅಲ್ಲಿನ ಬೆಳೆಗಾರರು ಅದನ್ನು ಬಸವನೆನ್ನಲಿಲ್ಲ, ಚೂಪು ಚಿಪ್ಪು ನೋಡಿ ‘ಶಂಖುಹುಳು’ ಎಂದರು. ಕಡಲಿನ ಶಂಖವೂ ಈ ತೋಟದ ಪಿಡುಗೂ ಒಂದೇ ವರ್ಗಕ್ಕೆ, ಉದರಪಾದಿಗಳಿಗೆ, ಸೇರಿದವು. ಬೆಳೆ ಕಳೆದುಕೊಂಡವರು ಕಣ್ಣಳತೆಯಲ್ಲೇ ಆ ನಂಟು ಹಿಡಿದರು.

ಇನ್ನು ಇಂಗ್ಲಿಷಿನ ‘ಸ್ಲಗ್’. ಅದಕ್ಕೆ ನಮ್ಮಲ್ಲಿ ಒಂಟಿ ಪದವಿಲ್ಲ, ‘ಚಿಪ್ಪಿಲ್ಲದ ಬಸವನಹುಳು’ ಎನ್ನಬೇಕಾಗುತ್ತದೆ ಎಂದು ಅನುವಾದಕರು ಕೊರಗುತ್ತಾರೆ. ಕೊರಗು ಬೇಡ. ಸ್ಲಗ್ ಎಂಬ ಬೇರೆ ಕುಲವೇ ಪ್ರಕೃತಿಯಲ್ಲಿಲ್ಲ. ಬಸವನಹುಳುಗಳ ಬೇರೆ ಬೇರೆ ವಂಶಗಳು ಬೇರೆ ಬೇರೆ ಕಾಲದಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದೆ, ಚಿಪ್ಪನ್ನು ಕುಗ್ಗಿಸಿಕೊಂಡವು, ಕಳೆದುಕೊಂಡವು. ಇಂಗ್ಲಿಷಿನ ಒಂಟಿ ಪದವು ಇಲ್ಲದ ಕುಲವೊಂದು ಇದೆಯೆಂಬ ಭ್ರಮೆ ಹುಟ್ಟಿಸುತ್ತದೆ. ನಮ್ಮ ಉದ್ದನೆಯ ಮಾತು ನಡೆದದ್ದನ್ನೇ ಹೇಳುತ್ತದೆ. ಪಠ್ಯ ಬರೆಯುವವರು ದಯವಿಟ್ಟು ಅದನ್ನು ಉಳಿಸಿಕೊಳ್ಳಲಿ.

ಚಿಪ್ಪಿಲ್ಲವೆಂದು ನಾವು ಹೇಳುವ ಎಷ್ಟೋ ಬಸವನಹುಳುಗಳ ಬೆನ್ನಿನ ಹೊದಿಕೆಯೊಳಗೆ, ಉಗುರಿನಂಥ ತೆಳು ಚಿಪ್ಪಿನ ಚೂರೊಂದು ಈಗಲೂ ಇದೆ.