ಮೂಗಿನ ದೆಸೆಯಿಂದ ಉಳಿದ ನದಿ

ನದಿಯನ್ನು ತಾಯಿಯೆಂದು ಕರೆಯುವುದು ನಮ್ಮ ವಾಡಿಕೆ. ಇಂಗ್ಲಿಷರು ತಮ್ಮ ಥೇಮ್ಸ್ ನದಿಯನ್ನು ತಂದೆಯೆಂದು ಕರೆದರು. ನೀಳವಾದ ಗಡ್ಡ ಬಿಟ್ಟ ವೃದ್ಧನ ರೂಪದಲ್ಲಿ ಅದನ್ನು ಕಲ್ಲಿನಲ್ಲಿ ಕಡೆದರು, ಚಿತ್ರಗಳಲ್ಲಿ ಬರೆದರು, ಕವಿತೆಗಳಲ್ಲಿ ಹೊಗಳಿದರು. ತಾಯಿಯೋ ತಂದೆಯೋ, ಕರೆಯುವ ಹೆಸರು ಯಾವುದಾದರೇನು? ನದಿಗೆ ಸಲ್ಲುವ ಉಪಚಾರದಲ್ಲಿ ಅಂಥ ಅಂತರವೇನೂ ಕಾಣದು. ಲಂಡನ್ ನಗರದ ಮಕ್ಕಳು ತಮ್ಮ ಈ ತಂದೆಯನ್ನು ಐವತ್ತೇ ವರ್ಷಗಳಲ್ಲಿ ಸಾಯುವ ಸ್ಥಿತಿಗೆ ತಂದರು. ಬದುಕಿಸಿಕೊಳ್ಳಲು ಅವರಿಗೆ ನೂರು ವರ್ಷಕ್ಕೂ ಮಿಕ್ಕು ಹಿಡಿಯಿತು. ಬದುಕಿಸಲು ಹೊರಟದ್ದಾದರೂ ಭಕ್ತಿಯಿಂದಲ್ಲ, ವಿಜ್ಞಾನಿಗಳ ಮಾತಿಗೆ ಕಿವಿಗೊಟ್ಟೂ ಅಲ್ಲ. ನದಿಯ ನಾತ ಆಳುವವರ ಮೂಗಿಗೆ ತಾಗಿತು, ಅದರಿಂದ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಬೆಸ್ತರು ಥೇಮ್ಸ್‌ನಲ್ಲಿ ಸಾಲ್ಮನ್ ಮೀನು ಹಿಡಿದು ಮಾರುತ್ತಿದ್ದರು. ಸಾಲ್ಮನ್ ಬಹಳ ನಾಜೂಕಿನ ಮೀನು. ಸಮುದ್ರದಲ್ಲಿ ಬೆಳೆದು ಮೊಟ್ಟೆಯಿಡಲು ನದಿಯ ಮೇಲ್ಭಾಗಕ್ಕೆ ಈಜಿ ಬರುತ್ತದೆ. ನೀರಿನಲ್ಲಿ ಪ್ರಾಣವಾಯು ಸಾಕಷ್ಟು ಇಲ್ಲವಾದರೆ ನಡುದಾರಿಯಲ್ಲೇ ಸಾಯುತ್ತದೆ. 1830ರ ದಶಕದ ಹೊತ್ತಿಗೆ ಥೇಮ್ಸ್‌ನಲ್ಲಿ ಅದು ಇಲ್ಲವಾಯಿತು. ಬೆಸ್ತರು ಬೇರೆ ಕಸುಬು ಹುಡುಕಿಕೊಂಡರು. ನಗರಕ್ಕೆ ಅದೊಂದು ಸುದ್ದಿಯೂ ಆಗಲಿಲ್ಲ.

ಆಗಿನ ಲಂಡನ್ನಿನಲ್ಲಿ ಮನೆಗಳ ಕೆಳಗೆ ಮಲದ ಗುಂಡಿಗಳಿದ್ದವು. ಅವುಗಳ ಸಂಖ್ಯೆ ಸುಮಾರು 2 ಲಕ್ಷವೆಂದು ಹೇಳುತ್ತಾರೆ. ರಾತ್ರಿಯ ಹೊತ್ತು ಕೂಲಿಯವರು ಬಂದು ಗುಂಡಿ ತೋಡಿ, ಬಂಡಿಗಳಲ್ಲಿ ತುಂಬಿ, ಊರಾಚೆಯ ರೈತರಿಗೆ ಗೊಬ್ಬರವೆಂದು ಮಾರುತ್ತಿದ್ದರು. ಈ ಏರ್ಪಾಡನ್ನು ಹೊಗಳಬೇಕಾದುದೇನೂ ಇಲ್ಲ. ಆ ಕೂಲಿಯವರ ಬಾಳು ಹೀನಾಯವಾಗಿತ್ತು, ಗುಂಡಿ ತುಂಬಿ ನೆಲಮಾಳಿಗೆಗೆ ಹರಿಯುವುದು ಸಾಮಾನ್ಯವಾಗಿತ್ತು. ಆದರೆ ಒಂದು ಮಾತು ಒಪ್ಪಬೇಕು: ಹೊಲಕ್ಕೆ ಸೇರಬೇಕಾದದ್ದು ಹೊಲಕ್ಕೆ ಸೇರುತ್ತಿತ್ತು, ನದಿಗೆ ಸೇರುತ್ತಿರಲಿಲ್ಲ. ನಗರ ಬೆಳೆದಂತೆ ಹೊಲ ದೂರವಾಯಿತು, ಬಂಡಿಯ ಬಾಡಿಗೆ ಏರಿತು. ಹಡಗುಗಳಲ್ಲಿ ಪೆರು ದೇಶದಿಂದ ಹಕ್ಕಿ ಹಿಕ್ಕೆಯ ಗೊಬ್ಬರ ಬರತೊಡಗಿತು. ಅದೇ ಕಾಲಕ್ಕೆ ನೀರು ಹಾಯಿಸಿ ತೊಳೆಯುವ ಹೊಸ ಬಗೆಯ ಪಾಯಿಖಾನೆ ಮನೆಮನೆಗೂ ಬಂತು. 1851ರಲ್ಲಿ ಹೈಡ್ ಪಾರ್ಕಿನಲ್ಲಿ ನಡೆದ ಮಹಾ ವಸ್ತುಪ್ರದರ್ಶನದಲ್ಲಿ ಜಾರ್ಜ್ ಜೆನಿಂಗ್ಸ್ ಎಂಬಾತ ಅಂಥವನ್ನು ಸಾರ್ವಜನಿಕರಿಗೆಂದು ಇರಿಸಿದ್ದ. 8 ಲಕ್ಷಕ್ಕೂ ಹೆಚ್ಚು ಜನ ತಲಾ ಒಂದು ಪೆನ್ನಿ ಕೊಟ್ಟು ಅವನ್ನು ಬಳಸಿದರು.

ಮನೆ ಸ್ವಚ್ಛವಾಯಿತು. ತೊಳೆದ ನೀರು ಹೋಗುವುದೆಲ್ಲಿಗೆ? ಲಂಡನ್ನಿನ ಹಳೆಯ ಚರಂಡಿಗಳು ಇದ್ದದ್ದು ಮಳೆಯ ನೀರಿಗಾಗಿ. ಅವೆಲ್ಲ ನದಿಗೆ ನೇರವಾಗಿ ಬೀಳುತ್ತಿದ್ದವು. ಮನೆಯ ಕೊಳೆಯನ್ನು ಅವಕ್ಕೆ ಬಿಡಬಾರದೆಂಬ ಕಟ್ಟಳೆಯನ್ನು 1815ರಲ್ಲಿ ಸಡಿಲಿಸಿದರು. 1848ರಲ್ಲಿ ಬಿಡಲೇಬೇಕೆಂದು ಕಾನೂನು ಮಾಡಿದರು. ಹೀಗೆ ಮಾಡಿದವರು ದುಷ್ಟರಲ್ಲ, ಸುಧಾರಕರು. ಅವರಲ್ಲಿ ಅಗ್ರಗಣ್ಯನಾದ ಎಡ್ವಿನ್ ಚಾಡ್ವಿಕ್, ರೋಗವೆಂಬುದು ದುರ್ನಾತದಿಂದಲೇ ಹುಟ್ಟುತ್ತದೆಂದು ದೃಢವಾಗಿ ನಂಬಿದ್ದ. ಮನೆಯ ನಾತವನ್ನು ನದಿಗೆ ತಳ್ಳಿದರೆ ಮನೆಯವರು ಬದುಕುತ್ತಾರೆಂಬುದು ಅವನ ಲೆಕ್ಕ. 1801ರಲ್ಲಿ ಸುಮಾರು 10 ಲಕ್ಷವಿದ್ದ ಜನಸಂಖ್ಯೆ 1851ರಲ್ಲಿ 23 ಲಕ್ಷವನ್ನು ಮೀರಿತ್ತು. ಅಷ್ಟು ಜನರ ಕೊಳೆಯೂ ಥೇಮ್ಸ್‌ನ ಪಾಲಾಯಿತು.

ಥೇಮ್ಸ್ ಲಂಡನ್ನಿನಲ್ಲಿ ಒಂದೇ ದಿಕ್ಕಿಗೆ ಹರಿಯುವ ನದಿಯಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಸಮುದ್ರದ ಉಬ್ಬರವಿಳಿತ ಅಲ್ಲಿಯವರೆಗೂ, ಅಲ್ಲಿಂದ ಇನ್ನೂ ಮೇಲಕ್ಕೆ ಟೆಡಿಂಗ್ಟನ್ ಎಂಬಲ್ಲಿಯವರೆಗೂ ಏರುತ್ತದೆ. ದಿನಕ್ಕೆರಡು ಬಾರಿ ನೀರು ಇಪ್ಪತ್ತು ಅಡಿಗೂ ಮೀರಿ ಏರಿ ಇಳಿಯುತ್ತದೆ. ಇಳಿತದಲ್ಲಿ ಕೆಳಗೆ ಹೋದ ಕೊಳೆ ಉಬ್ಬರದಲ್ಲಿ ಮತ್ತೆ ಮೇಲೆ ಬರುತ್ತದೆ. ಬೇಸಿಗೆಯಲ್ಲಿ ಮೇಲಿನಿಂದ ಬರುವ ಹೊಸ ನೀರು ಕಡಮೆಯಾದಾಗ ಒಂದೇ ಕೊಳೆ ವಾರಗಟ್ಟಲೆ ನಗರದ ನಡುವೆ ತೊಟ್ಟಿಲಾಡಿದಂತೆ ಆಡುತ್ತಿರುತ್ತದೆ. ಈ ನೀರನ್ನೇ ಲಂಡನ್ನಿನ ಕೆಲವು ಕಂಪನಿಗಳು ಎತ್ತಿ ಜನರಿಗೆ ಕುಡಿಯಲು ಮಾರುತ್ತಿದ್ದವು!

ಬಂಗಾಳದಿಂದ ಹೊರಟು ವ್ಯಾಪಾರದ ದಾರಿಗಳನ್ನು ಹಿಡಿದು ನಡೆದ ಕಾಲರಾ 1832ರಲ್ಲಿ ಲಂಡನ್ನಿಗೆ ತಲುಪಿತು. 1848-49ರಲ್ಲಿ ಮರಳಿ ಬಂದಾಗ ನಗರದಲ್ಲಿ ಸುಮಾರು 14 ಸಾವಿರ ಜನ ಸತ್ತರು. 1853-54ರಲ್ಲಿ ಮೂರನೆಯ ಸಲ ಬಂತು. ಆಗ ಜಾನ್ ಸ್ನೋ ಎಂಬ ವೈದ್ಯ ಒಂದು ಅಪೂರ್ವವಾದ ಲೆಕ್ಕ ಹಾಕಿದ. ದಕ್ಷಿಣ ಲಂಡನ್ನಿನ ಕೆಲವು ಬೀದಿಗಳಲ್ಲಿ ಎರಡು ಕಂಪನಿಗಳ ಕೊಳವೆಗಳು ಅಕ್ಕಪಕ್ಕದಲ್ಲೇ ಓಡುತ್ತಿದ್ದವು. ಒಂದು ಮನೆಗೆ ಒಂದರ ನೀರು, ಪಕ್ಕದ ಮನೆಗೆ ಇನ್ನೊಂದರದು. ಲ್ಯಾಂಬೆತ್ ಕಂಪನಿ 1852ರಲ್ಲಿ ತನ್ನ ನೀರೆತ್ತುವ ಸ್ಥಳವನ್ನು ಉಬ್ಬರ ಮುಟ್ಟದ ಮೇಲ್ಭಾಗಕ್ಕೆ ಒಯ್ದಿತ್ತು. ಸದರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿ ಇನ್ನೂ ನಗರದೊಳಗಿನ ನೀರನ್ನೇ ಎತ್ತುತ್ತಿತ್ತು. ಮನೆಮನೆಗೆ ಹೋಗಿ ಯಾವ ನೀರೆಂದು ಕೇಳಿ ಸ್ನೋ ಪಟ್ಟಿ ಮಾಡಿದ. 1854ರ ಹಾವಳಿಯ ಮೊದಲ ಏಳು ವಾರಗಳಲ್ಲಿ, 10 ಸಾವಿರ ಮನೆಗಳಿಗೆ ಲ್ಯಾಂಬೆತ್ ನೀರು ಕುಡಿದಲ್ಲಿ 37 ಸಾವು, ಇನ್ನೊಂದನ್ನು ಕುಡಿದಲ್ಲಿ 315. ಅದೇ ಬೀದಿ, ಅದೇ ಗಾಳಿ. ನೀರು ಮಾತ್ರ ಬೇರೆ. ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕೆ? ಆದರೂ ರೋಗ ಗಾಳಿಯಿಂದ ಬರುತ್ತದೆಂಬ ನಂಬಿಕೆ ದೊಡ್ಡವರನ್ನು ಬಿಡಲಿಲ್ಲ.

1855ರ ಜುಲೈನಲ್ಲಿ ಮಹಾ ವಿಜ್ಞಾನಿ ಮೈಕೆಲ್ ಫ್ಯಾರಡೆ ಹಬೆ ದೋಣಿಯಲ್ಲಿ ಥೇಮ್ಸ್ ಮೇಲೆ ಪ್ರಯಾಣ ಮಾಡಿದ. ಬಿಳಿಯ ಕಾಗದದ ಚೂರುಗಳನ್ನು ಒದ್ದೆ ಮಾಡಿ, ದೋಣಿ ನಿಂತಲ್ಲೆಲ್ಲ ಒಂದೊಂದನ್ನು ನೀರಿಗೆ ಬಿಟ್ಟ. ಒಂದು ಅಂಗುಲ ಮುಳುಗುವುದರೊಳಗೆ ಅವು ಕಣ್ಣಿಗೆ ಕಾಣದಾದವು, ಅದೂ ಬಿರುಬಿಸಿಲಿನಲ್ಲಿ. ಇದನ್ನು ಅವನು 'ಟೈಮ್ಸ್' ಪತ್ರಿಕೆಗೆ ಬರೆದು, ಅಲಕ್ಷ್ಯ ಮಾಡಿದರೆ ಯಾವುದೋ ಒಂದು ಬೇಸಿಗೆ ನಮಗೆ ಬುದ್ಧಿ ಕಲಿಸುತ್ತದೆಂದು ಎಚ್ಚರಿಸಿದ. 'ಪಂಚ್' ಎಂಬ ವಿನೋದ ಪತ್ರಿಕೆ, ಫ್ಯಾರಡೆ ಮೂಗು ಹಿಡಿದುಕೊಂಡು ತಂದೆ ಥೇಮ್ಸ್‌ಗೆ ತನ್ನ ಕಾರ್ಡು ಕೊಡುತ್ತಿರುವ ವ್ಯಂಗ್ಯಚಿತ್ರ ಹಾಕಿತು. ಜನ ನಕ್ಕರು, ಮರೆತರು.

ಆ ಬೇಸಿಗೆ ಬರಲು ಮೂರೇ ವರ್ಷ ಸಾಕಾಯಿತು. 1858ರ ಜೂನ್ ತಿಂಗಳಲ್ಲಿ ಲಂಡನ್ ಹಿಂದೆಂದೂ ಕಾಣದಂಥ ಬಿಸಿಲು ಕಂಡಿತು. ನದಿ ಬತ್ತಿ ಇಕ್ಕೆಲಗಳಲ್ಲಿ ಕೊಳೆಯ ದಿಬ್ಬಗಳು ಬಾಯ್ತೆರೆದವು. ಎದ್ದ ನಾತವನ್ನು ನಾನು ವರ್ಣಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಕೆಂಗೇರಿಯ ಬಳಿ ವೃಷಭಾವತಿಯನ್ನು ದಾಟಿದ ಬೆಂಗಳೂರಿನ ಓದುಗರಿಗೆ ಅದು ಅರ್ಥವಾಗುತ್ತದೆ. ಲಂಡನ್ನಿನವರ ಭಾಗ್ಯವೆಂದರೆ, ಅವರ ಪಾರ್ಲಿಮೆಂಟಿನ ಹೊಸ ಭವನ ನದಿಯ ಅಂಚಿನಲ್ಲೇ ನಿಂತಿತ್ತು. ಕಿಟಕಿಯ ಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ತೂಗುಹಾಕಿದರು. ಉಪಯೋಗವಾಗಲಿಲ್ಲ. ಅರ್ಥಸಚಿವ ಡಿಸ್ರೇಲಿ ಒಂದು ಕೈಯಲ್ಲಿ ಕಾಗದಪತ್ರ ಹಿಡಿದು, ಇನ್ನೊಂದರಲ್ಲಿ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಸಮಿತಿಯ ಕೊಠಡಿಯಿಂದ ಓಡಿಬಂದದ್ದನ್ನು ಪತ್ರಿಕೆಗಳು ಬರೆದವು. ಸಭೆಯನ್ನು ಬೇರೆ ಊರಿಗೆ ಸಾಗಿಸಬೇಕೆಂಬ ಮಾತೂ ಬಂತು. ಜಾನ್ ಸ್ನೋ ಆ ಜೂನ್ 16ರಂದು, ನಾತದ ಆ ದಿನಗಳಲ್ಲೇ ತೀರಿಕೊಂಡ. ಹದಿನಾಲ್ಕು ಸಾವಿರ ಬಡವರ ಸಾವು ಮಾಡಲಾರದ್ದನ್ನು ಕೆಲವೇ ವಾರಗಳ ನಾತ ಮಾಡಿತು. ಜುಲೈ 15ರಂದು ಡಿಸ್ರೇಲಿ ಮಂಡಿಸಿದ ಮಸೂದೆ 18 ದಿನಗಳಲ್ಲಿ ಕಾನೂನಾಯಿತು. 30 ಲಕ್ಷ ಪೌಂಡುಗಳ ಸಾಲಕ್ಕೆ ದಾರಿಯಾಯಿತು. ಅದಕ್ಕೆ ರಾಣಿಯ ಅಂಕಿತ ಬಿದ್ದದ್ದು 1858ರ ಆಗಸ್ಟ್ 2ರಂದು. ಈಸ್ಟ್ ಇಂಡಿಯಾ ಕಂಪನಿಯ ಕೈಯಿಂದ ಭಾರತದ ಆಳ್ವಿಕೆಯನ್ನು ರಾಣಿಗೆ ವಹಿಸಿದ ಕಾನೂನಿಗೂ ಅಂಕಿತ ಬಿದ್ದದ್ದು ಅದೇ ದಿನ. ನಮ್ಮ ಹಣೆಬರಹವೂ ಲಂಡನ್ನಿನ ಚರಂಡಿಯೂ ಒಂದೇ ದಿನ, ಅದೇ ದುರ್ನಾತದ ನಡುವೆ ತೀರ್ಮಾನವಾದವು ಎನ್ನಬೇಕು.

ಕೆಲಸ ಹೊತ್ತವನು ಜೋಸೆಫ್ ಬ್ಯಾಜಲ್‌ಜೆಟ್ ಎಂಬ ಎಂಜಿನಿಯರ್. ಅವನ ಯೋಜನೆ ಎರಡು ವರ್ಷಗಳಿಂದ ಕಡತದಲ್ಲಿ ಕೊಳೆಯುತ್ತಿತ್ತು. ನದಿಗೆ ಸಮಾನಾಂತರವಾಗಿ ಎರಡೂ ದಡಗಳಲ್ಲಿ ದೊಡ್ಡ ಇಟ್ಟಿಗೆಯ ಸುರಂಗಗಳನ್ನು ಕಟ್ಟಿ, ನದಿಗೆ ಬೀಳುವ ಹಳೆಯ ಚರಂಡಿಗಳನ್ನೆಲ್ಲ ನಡುವೆಯೇ ತಡೆದು, ನೀರನ್ನು ನಗರದ ಪೂರ್ವಕ್ಕೆ ಒಯ್ಯುವುದು ಅದರ ಸಾರ. ಮೈಲಿಗೆ ಎರಡಡಿಯ ಇಳಿಜಾರು. ತಗ್ಗಿನ ಕಡೆ ಹಬೆಯಂತ್ರಗಳಿಂದ ಮೇಲೆತ್ತಬೇಕು. 82 ಮೈಲಿಗಳ ಈ ಮುಖ್ಯ ಸುರಂಗಗಳಿಗೆ ಮತ್ತು ಅವುಗಳ ಕವಲುಗಳಿಗೆ ಸುಮಾರು 31 ಕೋಟಿ 80 ಲಕ್ಷ ಇಟ್ಟಿಗೆ ಬೇಕಾಯಿತು. ನದಿಯ ಕೆಸರು ದಡಗಳನ್ನು ಹೂತು ಕಲ್ಲಿನ ಕಟ್ಟೆಗಳನ್ನು ಎಬ್ಬಿಸಿದರು. ಇಂದು ಲಂಡನ್ನಿಗೆ ಹೋಗುವ ಕನ್ನಡಿಗರು ತಪ್ಪದೆ ನೋಡಿಬರುವ ಬಸವಣ್ಣನವರ ಪ್ರತಿಮೆ, ಪ್ರಧಾನಿ ನರೇಂದ್ರ ಮೋದಿಯವರು 2015ರ ನವೆಂಬರ್ 14ರಂದು ಅನಾವರಣ ಮಾಡಿದ್ದು, ಇರುವುದು ಬ್ಯಾಜಲ್‌ಜೆಟ್ 1869ರಲ್ಲಿ ಮುಗಿಸಿದ ಆಲ್ಬರ್ಟ್ ಕಟ್ಟೆಯ ಮೇಲೆಯೇ. ಕೂಡಲಸಂಗಮದವರಿಗೆ ಅಲ್ಲಿಯೂ ನದಿಯ ದಡವೇ ದೊರಕಿದೆ.

1866ರಲ್ಲಿ ಕಾಲರಾ ಕೊನೆಯ ಸಲ ಬಂದಾಗ ಸತ್ತವರು ಬಹುಮಟ್ಟಿಗೆ ಪೂರ್ವ ಲಂಡನ್ನಿನವರು, 5,500ಕ್ಕೂ ಹೆಚ್ಚು ಜನ. ಹೊಸ ಸುರಂಗದ ಜೋಡಣೆ ಮುಗಿಯದೆ ಉಳಿದಿದ್ದ ಭಾಗ ಅದೊಂದೇ. ನಾತವೇ ರೋಗವೆಂದು ನಂಬಿದವರು ನಾತವನ್ನು ಹೊರಗಟ್ಟಲು ಹೋಗಿ, ಕುಡಿಯುವ ನೀರಿನಿಂದ ರೋಗವನ್ನು ಹೊರಗಟ್ಟಿದ್ದರು. ತಪ್ಪು ಕಾರಣಕ್ಕೆ ಸರಿಯಾದ ಕೆಲಸ.

ಆದರೆ ನದಿಯ ಕಡೆಯಿಂದ ನೋಡಿದರೆ? ಕೊಳೆಯನ್ನು ಯಾರೂ ಶುದ್ಧಿ ಮಾಡಲಿಲ್ಲ. ಉತ್ತರ ದಡದ ಬೆಕ್ಟನ್‌ನಲ್ಲಿ, ದಕ್ಷಿಣದ ಕ್ರಾಸ್‌ನೆಸ್‌ನಲ್ಲಿ ಅದನ್ನು ಕೂಡಿಟ್ಟು, ನೀರಿಳಿತದ ಹೊತ್ತಿಗೆ ಹಾಗೆಯೇ ನದಿಗೆ ಬಿಟ್ಟರು. ನಮ್ಮ ಅಂಗಳದ ಕಸ ನೆರೆಯವನ ಅಂಗಳಕ್ಕೆ ಹೋಯಿತು, ಅಷ್ಟೆ. 1878ರ ಸೆಪ್ಟೆಂಬರ್ 3ರ ಸಂಜೆ 'ಪ್ರಿನ್ಸೆಸ್ ಆಲಿಸ್' ಎಂಬ ವಿಹಾರದ ಹಡಗು ಆ ಜಾಗದಲ್ಲೇ ಇನ್ನೊಂದು ಹಡಗಿಗೆ ಡಿಕ್ಕಿ ಹೊಡೆದು ಮುಳುಗಿತು. ಸ್ವಲ್ಪ ಹೊತ್ತಿನ ಹಿಂದಷ್ಟೇ ಎರಡೂ ಬಾಯಿಗಳಿಂದ ಕೊಳೆ ಬಿಟ್ಟಿದ್ದರು. ರಜೆಯ ಸಂತೋಷಕ್ಕೆಂದು ಹೊರಟಿದ್ದ 600ಕ್ಕೂ ಹೆಚ್ಚು ಜನ, ಹೆಂಗಸರು ಮಕ್ಕಳೆನ್ನದೆ, ಆ ನೀರಿನಲ್ಲಿ ಸತ್ತರು. ವಿಚಾರಣಾ ಮಂಡಲಿಯೊಂದು ಕೂತು, 1887ರಿಂದ ಘನ ಕೊಳೆಯನ್ನು ಬೇರ್ಪಡಿಸಿ ಹಡಗಿನಲ್ಲಿ ಸಮುದ್ರಕ್ಕೆ ಸುರಿಯುವ ಏರ್ಪಾಡಾಯಿತು. ಮೊದಲ ಹಡಗಿಗೆ ಬ್ಯಾಜಲ್‌ಜೆಟ್‌ನ ಹೆಸರನ್ನೇ ಇಟ್ಟರು; ಗೌರವವೋ ಪರಿಹಾಸ್ಯವೋ ತಿಳಿಯದು. ಈ ಸಮುದ್ರ ಸುರಿತ ನಿಂತದ್ದು 1998ರಲ್ಲಿ!

ನದಿ ಕೆಲಕಾಲ ಚೇತರಿಸಿಕೊಂಡು ಮತ್ತೆ ಕುಸಿಯಿತು. ನಗರ ಇನ್ನೂ ಬೆಳೆಯಿತು, ಕಾರ್ಖಾನೆಗಳು ಹೆಚ್ಚಿದವು, ಎರಡನೆಯ ಮಹಾಯುದ್ಧದ ಬಾಂಬುಗಳು ಚರಂಡಿಗಳನ್ನೂ ಒಡೆದವು. ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಪ್ರಾಣವಾಯುವನ್ನೆಲ್ಲ ಹೀರಿಬಿಡುತ್ತವೆ. ಅದು ಮುಗಿದ ಮೇಲೆ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಏಳುತ್ತದೆ. ಹೊಸದಾಗಿ ಬಂದ ಬಟ್ಟೆ ತೊಳೆಯುವ ಪುಡಿಗಳ ನೊರೆ, ಗಾಳಿ ನೀರಿನೊಳಗೆ ಇಳಿಯದಂತೆ ಮಾಡಿತು. 1957ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನವರು ಹುಡುಕಿದಾಗ, ಕ್ಯೂ ಎಂಬಲ್ಲಿಂದ ಗ್ರೇವ್ಸೆಂಡ್‌ವರೆಗೆ ನೆಲೆಯಾಗಿ ಬದುಕಿದ್ದ ಮೀನು ಒಂದೂ ಸಿಗಲಿಲ್ಲ, ಹಾವುಮೀನೊಂದರ ಹೊರತು. ಅದಕ್ಕೆ ನೀರಿನ ಮೇಲೆ ಬಂದು ಗಾಳಿ ಗುಟುಕರಿಸುವ ಉಪಾಯ ಗೊತ್ತಿತ್ತು.

ಈ ಸಲ ಪಾರ್ಲಿಮೆಂಟಿನ ಕಿಟಕಿಗಳಿಗೆ ಅಂಥ ನಾತ ಬರಲಿಲ್ಲ. ಕೆಲಸ ಮಾಡಿದವರು ಹೆಸರು ಮೆರೆಯದ ರಸಾಯನಶಾಸ್ತ್ರಜ್ಞರು ಮತ್ತು ಎಂಜಿನಿಯರರು. ಅಧ್ಯಯನ ಸಮಿತಿಯೊಂದು ಹತ್ತು ವರ್ಷ ದುಡಿದು 1961ರಲ್ಲಿ ವರದಿ ಕೊಟ್ಟಿತು. ಯಾವ ಮೈಲಿಯಲ್ಲಿ ಎಷ್ಟು ಪ್ರಾಣವಾಯು, ಅದನ್ನು ಕಬಳಿಸುವವರು ಯಾರು ಎಂಬ ಲೆಕ್ಕ ಸಿಕ್ಕಿತು. ಕೊಳೆನೀರಿಗೆ ಗಾಳಿಯೂದಿ ಸೂಕ್ಷ್ಮಜೀವಿಗಳನ್ನು ತೊಟ್ಟಿಯೊಳಗೇ ಬೆಳೆಸಿ, ನದಿಯಲ್ಲಿ ಅವು ಮಾಡುವ ಕೆಲಸವನ್ನು ಅಲ್ಲೇ ಮಾಡಿಸುವ ವಿಧಾನ 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹುಟ್ಟಿತ್ತು. ಅದನ್ನು ಕ್ರಾಸ್‌ನೆಸ್‌ನಲ್ಲಿ 1960ರ ದಶಕದಲ್ಲೂ ಬೆಕ್ಟನ್‌ನಲ್ಲಿ 1970ರ ದಶಕದಲ್ಲೂ ಪೂರ್ಣ ಪ್ರಮಾಣದಲ್ಲಿ ಅಳವಡಿಸಿದರು. ನೊರೆಯ ಪುಡಿಗಳನ್ನು ಬದಲಿಸಿದರು. ಮೀನುಗಳನ್ನು ಎಣಿಸಿದ ಬಗೆ ಸ್ವಾರಸ್ಯವಾಗಿದೆ: ವಿದ್ಯುತ್ ಸ್ಥಾವರಗಳು ನೀರೆಳೆದುಕೊಳ್ಳುವ ಜಾಲರಿಗಳಲ್ಲಿ ಸಿಕ್ಕಿಬಿದ್ದ ಮೀನನ್ನು ತೆಗೆದಿಡಿರೆಂದು ಮ್ಯೂಸಿಯಂನ ಆಲ್ವಿನ್ ವೀಲರ್ ಅಲ್ಲಿನ ಕೆಲಸಗಾರರನ್ನು ಕೇಳಿಕೊಂಡರು. 1964ರಿಂದ ಒಂದೊಂದಾಗಿ ಹೊಸ ಜಾತಿಗಳು ಬಂದವು. 1974ರ ನವೆಂಬರ್‌ನಲ್ಲಿ ವೆಸ್ಟ್ ಥರಕ್ ಸ್ಥಾವರದ ಜಾಲರಿಯಲ್ಲಿ ಎಂಟು ಪೌಂಡಿಗೂ ಮೀರಿದ ಒಂದು ಸಾಲ್ಮನ್ ಸಿಕ್ಕಿತು. ಸುಮಾರು 140 ವರ್ಷಗಳ ಮೇಲೆ.

ಸಾಲ್ಮನ್ ಮರಿಗಳನ್ನು ಬೆಳೆಸಿ ಬಿಡುವ ಪ್ರಯತ್ನ 1979ರಲ್ಲಿ ಮೊದಲಾಯಿತು. ಮೂರು ದಶಕ ನಡೆದರೂ ವಂಶ ನೆಲೆಗೊಳ್ಳಲಿಲ್ಲ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಇತ್ತೀಚೆಗೆ ಥೇಮ್ಸ್ ಹೊಕ್ಕ ಸಾಲ್ಮನ್‌ಗಳು ಬಹುಪಾಲು ಬಿಟ್ಟ ಮರಿಗಳಲ್ಲ, ನೆರೆಯ ನದಿಗಳಿಂದ ದಾರಿ ತಪ್ಪಿ ಬಂದವು. ಬಿಟ್ಟದ್ದು ಬರಲಿಲ್ಲ, ಕರೆಯದ್ದು ಬಂತು. ಇಂದು ಉಬ್ಬರದ ಥೇಮ್ಸ್‌ನಲ್ಲಿ ನೂರಕ್ಕೂ ಹೆಚ್ಚು ಜಾತಿಯ ಮೀನುಗಳು ದಾಖಲಾಗಿವೆ. ಅದರ ಚೇತರಿಕೆಗೆ 2010ರಲ್ಲಿ ಅಂತರರಾಷ್ಟ್ರೀಯ ನದಿ ಪ್ರಶಸ್ತಿಯೂ ಸಂದಿತು.

ಹಾಗೆಂದು ಕಥೆ ಮುಗಿದಿಲ್ಲ. ಬ್ಯಾಜಲ್‌ಜೆಟ್‌ನ ಸುರಂಗಗಳಲ್ಲಿ ಮಳೆನೀರೂ ಮಲದ ನೀರೂ ಒಂದಾಗಿಯೇ ಹರಿಯುತ್ತವೆ. ಹೆಚ್ಚು ಮಳೆಯಾದರೆ ಮಿಕ್ಕಿದ್ದು ನದಿಗೇ ಬೀಳುತ್ತಿತ್ತು. 2004ರ ಆಗಸ್ಟ್‌ನಲ್ಲಿ ಒಂದು ಬಿರುಮಳೆಗೆ ಸಾವಿರಾರು ಮೀನುಗಳು ಸತ್ತು ತೇಲಿದವು. ಅದನ್ನು ತಡೆಯಲು ನದಿಯಡಿಯಲ್ಲಿ 25 ಕಿಲೋಮೀಟರ್ ಉದ್ದದ, 7.2 ಮೀಟರ್ ಅಗಲದ ಹೊಸ ಸುರಂಗವನ್ನು ಕೊರೆದು, 2025ರ ಫೆಬ್ರವರಿಯಲ್ಲಿ ಜೋಡಣೆ ಪೂರ್ಣಗೊಳಿಸಿದರು. ವೆಚ್ಚ 450 ಕೋಟಿ ಪೌಂಡಿನ ಸುಮಾರು. ಅದೇ ವರ್ಷದ ಮೇ ತಿಂಗಳಲ್ಲಿ, ಕೊಳೆನೀರಿನ ನಿರ್ವಹಣೆಯಲ್ಲಿ ತಪ್ಪಿದ್ದಕ್ಕೂ ಷೇರುದಾರರಿಗೆ ಸಲ್ಲದ ಲಾಭಾಂಶ ಹಂಚಿದ್ದಕ್ಕೂ ಲಂಡನ್ನಿಗೆ ನೀರೊದಗಿಸುವ ಕಂಪನಿಗೆ 12 ಕೋಟಿ 27 ಲಕ್ಷ ಪೌಂಡ್ ದಂಡ ವಿಧಿಸಲಾಯಿತು. ಹೊಸ ಸುರಂಗ ಹೊತ್ತು ತರುವ ನೀರು ಹೋಗಿ ಸೇರುವುದು ಮತ್ತದೇ ಬೆಕ್ಟನ್‌ಗೆ. ಈಗ ಅಲ್ಲಿ ಅದು ನದಿಗಿಂತ ಮೊದಲು ತೊಟ್ಟಿಗೆ ಇಳಿಯುತ್ತದೆ.