ಗರ್ಭದ ಎರಡು ಕಾಲಮಾನಗಳು: ಗೊಮ್ಮಟಸಾರದ ಕನ್ನಡ ವೃತ್ತಿ ಮತ್ತು ಆರಾಧನೆಯ ಗಾಹೆಗಳು

ಶ್ರವಣಬೆಳ್ಗೊಳದಲ್ಲಿ ಸುಮಾರು ಕ್ರಿ.ಶ. 981ರಲ್ಲಿ ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯನ ನಿಮಿತ್ತವಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರವನ್ನು ರಚಿಸಿದರು. ಅದರ ಜೀವಕಾಂಡದಲ್ಲಿ ಪರ್ಯಾಪ್ತಿಯನ್ನು ಕುರಿತ ಪ್ರಕರಣವೊಂದಿದೆ. ಗರ್ಭಕ್ಕೆ ಬಂದ ಮನುಷ್ಯಜೀವಕ್ಕೆ ಆಹಾರ, ಶರೀರ, ಇಂದ್ರಿಯ, ಶ್ವಾಸೋಚ್ಛ್ವಾಸ, ಭಾಷೆ, ಮನಸ್ಸು ಎಂಬ ಆರು ಪರ್ಯಾಪ್ತಿಗಳು ಅಂತರ್ಮುಹೂರ್ತದಲ್ಲಿ, ಎಂದರೆ ಇಂದಿನ ಲೆಕ್ಕದಂತೆ 48 ನಿಮಿಷಗಳೊಳಗೆ, ಪೂರ್ಣವಾಗುತ್ತವೆಂದು ಅಲ್ಲಿನ ನಿರೂಪಣೆ.

ಸಲ್ಲೇಖನವಿಧಿಗೆ ಪ್ರಮಾಣವೆನಿಸಿದ ಶಿವಾರ್ಯರ ಭಗವತೀ ಆರಾಧನೆಯ ಲೆಕ್ಕ ಬೇರೆ. ವಡ್ಡಾರಾಧನೆಯ 19 ಕಥೆಗಳ ಮೊದಲಿಗಿರುವ ಗಾಹೆಗಳ ಮೂಲವೂ ಈ ಗ್ರಂಥವೇ ಆದುದರಿಂದ ಕನ್ನಡ ಓದುಗರಿಗೆ ಇದು ಅಪರಿಚಿತವಲ್ಲ. ಅದರ ಪ್ರಕಾರ ಬೀಜವು ಹತ್ತು ದಿನ ಕಲಲವಾಗಿ, ಹತ್ತು ದಿನ ಕಲುಷವಾಗಿ, ಹತ್ತು ದಿನ ಸ್ಥಿರವಾಗಿ ಇರುತ್ತದೆ. ಎರಡನೆಯ ತಿಂಗಳು ಬುದ್ಬುದ, ಮೂರನೆಯದು ಘನ, ನಾಲ್ಕನೆಯದು ಮಾಂಸಪೇಶಿ. ಐದನೆಯ ತಿಂಗಳಲ್ಲಿ ಐದು ಮೊಳಕೆಗಳು ಮೂಡುತ್ತವೆ. ಆರನೆಯದರಲ್ಲಿ ಅಂಗೋಪಾಂಗಗಳು, ಏಳನೆಯದರಲ್ಲಿ ಚರ್ಮ, ಉಗುರು, ರೋಮಗಳು, ಎಂಟನೆಯದರಲ್ಲಿ ಸ್ಪಂದನ, ಒಂಬತ್ತು ಅಥವಾ ಹತ್ತರಲ್ಲಿ ನಿರ್ಗಮನ.

ಒಂದು ಕಡೆ ಒಂದು ಮುಹೂರ್ತವೂ ತುಂಬದ ಅವಧಿ, ಇನ್ನೊಂದು ಕಡೆ ಒಂಬತ್ತು ತಿಂಗಳು. ಇಂದ್ರಿಯಪರ್ಯಾಪ್ತಿಯು ಅಂತರ್ಮುಹೂರ್ತದಲ್ಲಿ ಮುಗಿದಿದ್ದರೆ ಆರನೆಯ ತಿಂಗಳಲ್ಲಿ ಅವಯವಗಳು ಹುಟ್ಟುವುದೆಂತು ಎಂಬ ಶಂಕೆ ಸಹಜವಾದುದೇ. ಇದಕ್ಕೆ ಸಮಾಧಾನವು ಕೇಶವವರ್ಣಿಯ ಕರ್ಣಾಟಕ ವೃತ್ತಿಯಲ್ಲಿದೆ. ಅಭಯಸೂರಿ ಸಿದ್ಧಾಂತಚಕ್ರವರ್ತಿಗಳ ಶಿಷ್ಯನಾದ ಈತನು ಶಕ 1281ರಲ್ಲಿ, ಎಂದರೆ ಕ್ರಿ.ಶ. 1359ರಲ್ಲಿ, ಈ ವೃತ್ತಿಯನ್ನು ಮುಗಿಸಿದನು. ಇದರಲ್ಲಿ ಪರ್ಯಾಪ್ತಿಯೆಂದರೆ ಅವಯವವಲ್ಲ, ಶಕ್ತಿಯ ನಿಷ್ಪತ್ತಿ. ಗ್ರಹಿಸಿದ ಪುದ್ಗಲಸ್ಕಂಧಗಳನ್ನು ಖಲಭಾಗ, ರಸಭಾಗಗಳಾಗಿ ಪರಿಣಮಿಸುವ ಶಕ್ತಿ ಸಿದ್ಧವಾಗುವುದು ಆಹಾರಪರ್ಯಾಪ್ತಿ. ಆ ಖಲವನ್ನು ಅಸ್ಥಿಯೇ ಮೊದಲಾದ ಗಟ್ಟಿ ಅವಯವಗಳಾಗಿಯೂ ರಸವನ್ನು ರಕ್ತವೇ ಮೊದಲಾದ ದ್ರವಗಳಾಗಿಯೂ ಪರಿಣಮಿಸುವ ಶಕ್ತಿ ಸಿದ್ಧವಾಗುವುದು ಶರೀರಪರ್ಯಾಪ್ತಿ. ಮೂಳೆಯಾಗಲಿ ರಕ್ತವಾಗಲಿ ಆ ಕ್ಷಣದಲ್ಲಿಯೇ ಇರಬೇಕಾದುದಿಲ್ಲ. ಗಾರೆಯವನು ಕೆಲಸಕ್ಕೆ ನಿಂತ ಗಳಿಗೆಯೇ ಬೇರೆ, ಗೋಡೆ ಮೇಲೇಳುವ ತಿಂಗಳುಗಳೇ ಬೇರೆ.

ಈ ವೃತ್ತಿಯ ಇತಿಹಾಸವನ್ನು ಇಲ್ಲಿ ನೆನೆಯಬೇಕು. ಚಾವುಂಡರಾಯನೇ ಬರೆದನೆಂದು ಕರ್ಮಕಾಂಡದ ಕೊನೆಯಲ್ಲಿ ಉಕ್ತವಾದ ದೇಸಿ ವೃತ್ತಿ ಉಪಲಬ್ಧವಿಲ್ಲ. ಕೇಶವವರ್ಣಿಯ ಕನ್ನಡವನ್ನು ಅನುಸರಿಸಿ ಇನ್ನೊಬ್ಬ ನೇಮಿಚಂದ್ರರು ಸಂಸ್ಕೃತದಲ್ಲಿ ಜೀವತತ್ತ್ವಪ್ರದೀಪಿಕೆಯನ್ನು ರಚಿಸಿದರು. ಕನ್ನಡ ಲಿಪಿ ತಿಳಿಯದ ಉತ್ತರದ ಪಂಡಿತರ ಕೈಗೆ ಹೋದುದು ಅದು. ಜಯಪುರದ ಪಂಡಿತ ಟೋಡರಮಲ್ಲರು ಹದಿನೆಂಟನೆಯ ಶತಮಾನದಲ್ಲಿ ತಮ್ಮ ಭಾಷಾಟೀಕೆಯನ್ನು ಕಟ್ಟಿದುದು ಅದರ ಮೇಲೆಯೇ. ಸಂಸ್ಕೃತ ಟೀಕೆಯನ್ನು ಬಹುಕಾಲ ಕೇಶವವರ್ಣಿಯದೆಂದೇ ಎಣಿಸಲಾಗಿತ್ತು. ಈ ಗೊಂದಲವನ್ನು ಬಿಡಿಸಿದವರು ಸದಲಗದವರಾದ ಡಾ. ಆ. ನೇ. ಉಪಾಧ್ಯೆ. ಕನ್ನಡ ವೃತ್ತಿಸಹಿತವಾದ ಗೊಮ್ಮಟಸಾರವು ಭಾರತೀಯ ಜ್ಞಾನಪೀಠದಿಂದ 1978ರಿಂದ ಹೊರಬರತೊಡಗಿದಾಗ ಅವರು ಬದುಕಿರಲಿಲ್ಲ.

ಈ ಸಮಾಧಾನವು ಹದಿನಾಲ್ಕನೆಯ ಶತಮಾನದ ಟೀಕಾಕಾರನ ಜಾಣ್ಮೆಯಷ್ಟೆ ಎನ್ನುವಂತಿಲ್ಲ. ರಾಷ್ಟ್ರಕೂಟ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯರು ನೇಮಿಚಂದ್ರರಿಗಿಂತ ಶತಮಾನಕ್ಕೂ ಹಿಂದಿನವರು. 1940ರಲ್ಲಿ ಸೊಲ್ಲಾಪುರದಲ್ಲಿ ಪಂಡಿತ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ ಮುದ್ರಿತವಾದ ಅವರ ಕಲ್ಯಾಣಕಾರಕದ ಎರಡನೆಯ ಪರಿಚ್ಛೇದದಲ್ಲಿ ಗರ್ಭೋತ್ಪತ್ತಿಯ ಪ್ರಸಂಗ ಬರುತ್ತದೆ. ಮೊದಲು ಷಟ್ಪರ್ಯಾಪ್ತಿಗಳು, ಅನಂತರ ಗರ್ಭದಲ್ಲಿ ಶರೀರವು ಪ್ರಕಟವಾಗುವ ಕ್ರಮ, ಆಮೇಲೆ ಗರ್ಭಸ್ಥ ಶಿಶುವಿನ ಪೋಷಣೆ. ಎರಡು ಕಾಲಮಾನಗಳನ್ನೂ ಒಂದೇ ಪರಿಚ್ಛೇದದಲ್ಲಿ ಒಂದರ ಹಿಂದೊಂದಾಗಿ ಇಟ್ಟ ವೈದ್ಯನಿಗೆ ಅವುಗಳಲ್ಲಿ ವಿರೋಧ ಕಾಣಲಿಲ್ಲವೆಂಬುದು ಸ್ಪಷ್ಟ.

ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಯಾವ ಅಂಗವು ಮೊದಲು ಹುಟ್ಟುತ್ತದೆಂಬ ವಾದವೇ ಇದೆ. ತಲೆಯೆಂದು ಶೌನಕ, ಹೃದಯವೆಂದು ಕೃತವೀರ್ಯ, ನಾಭಿಯೆಂದು ಪಾರಾಶರ್ಯ ಹೇಳಿದರೆ, ಎಲ್ಲವೂ ಒಟ್ಟಿಗೇ ಹುಟ್ಟಿ ಸೂಕ್ಷ್ಮತೆಯಿಂದ ತೋರದಿರುತ್ತವೆಂದು ಧನ್ವಂತರಿಯ ನಿರ್ಣಯ. ಪರ್ಯಾಪ್ತಿಗಳು ಒಟ್ಟಿಗೇ ಆರಂಭವಾಗಿ ಕ್ರಮವಾಗಿ ಮುಗಿಯುತ್ತವೆಂಬ ಗೊಮ್ಮಟಸಾರದ ಮಾತು ಇದಕ್ಕೆ ಸಮೀಪವಾದುದು, ಆದರೆ ಅದೇ ಅಲ್ಲ. ಅಲ್ಲಿ ಚರ್ಚೆ ಅಂಗಗಳದು, ಇಲ್ಲಿ ಶಕ್ತಿಗಳದು.

ಇಂದಿನ ಭ್ರೂಣವಿಜ್ಞಾನದೊಡನೆ ಆರಾಧನೆಯ ಗಾಹೆಗಳನ್ನು ಹೋಲಿಸಿ ಹಿಗ್ಗುವುದೂ ಉಂಟು, ಹಳಿಯುವುದೂ ಉಂಟು. ಕ್ರಮವು ಬಹುಮಟ್ಟಿಗೆ ಹೊಂದುತ್ತದೆ, ಕಾಲವು ಹೊಂದುವುದಿಲ್ಲ. ಕೈಕಾಲುಗಳ ಮೊಳಕೆಗಳು ಕಾಣುವುದು ಐದನೆಯ ತಿಂಗಳಲ್ಲಲ್ಲ, ಸುಮಾರು ನಾಲ್ಕನೆಯ ವಾರದಲ್ಲಿ. ಹೃದಯವು ಮಿಡಿಯತೊಡಗುವುದು ಸುಮಾರು 22ನೆಯ ದಿನ. ಎಂಟನೆಯ ವಾರದ ಹೊತ್ತಿಗೆ ಮುಖ್ಯ ಅಂಗಗಳೆಲ್ಲ ರೂಪುಗೊಂಡಿರುತ್ತವೆ. ಎಂಟನೆಯ ತಿಂಗಳ ಸ್ಪಂದನವನ್ನಂತೂ ಯಾವ ತಾಯಿಯೂ ಒಪ್ಪಲಾರಳು. ಐದನೆಯ ತಿಂಗಳಲ್ಲಿಯೇ ಕೂಸಿನ ಮಿಸುಕಾಟ ಅವಳಿಗೆ ತಿಳಿದಿರುತ್ತದೆ. ಶಿವಾರ್ಯರು ಸೂಲಗಿತ್ತಿಯರಿಗಾಗಿ ಬರೆದವರಲ್ಲ. ಈ ಗಾಹೆಗಳು ಬರುವುದು ಬ್ರಹ್ಮಚರ್ಯದ ವಿವೇಚನೆಯಲ್ಲಿ. ದೇಹದ ಬೀಜ, ನಿಷ್ಪತ್ತಿ, ಕ್ಷೇತ್ರ, ಆಹಾರಗಳನ್ನು ನೆನೆದು ಅಶುಚಿತ್ವವನ್ನು ಭಾವಿಸುವುದಕ್ಕಾಗಿ. ಶ್ವೇತಾಂಬರ ಪ್ರಕೀರ್ಣಕವಾದ ತಂದುಲವೇಯಾಲಿಯವು ಗರ್ಭವಾಸಕ್ಕೆ 277½ ದಿನಗಳನ್ನು ಹೇಳುತ್ತದೆ. ಕೊನೆಯ ಋತುಸ್ರಾವದಿಂದ ಎಣಿಸುವ ಇಂದಿನ 280 ದಿನಗಳಿಗೆ ಅದು ಎಷ್ಟು ಹತ್ತಿರವೆಂಬುದು ವಿಸ್ಮಯಕರ. ಅದರ ಉದ್ದೇಶವೂ ವೈರಾಗ್ಯವೇ.

ಎರಡು ಕಾಲಮಾನಗಳನ್ನು ಕಲೆಸಿದರೆ ಆಗುವ ಹಾನಿ ಸಣ್ಣದಲ್ಲ. ಸ್ಪಂದನವನ್ನೇ ಜೀವದ ಆಗಮನವೆಂದು ಬಗೆದರೆ ಅದಕ್ಕೆ ಹಿಂದಿನ ಗರ್ಭವು ನಿರ್ಜೀವವೆಂದಾಗುತ್ತದೆ. ಅಹಿಂಸೆಯ ವಿಚಾರವೇ ಬೇರೆ ದಾರಿ ಹಿಡಿಯುತ್ತದೆ. ಸಿದ್ಧಾಂತದಲ್ಲಿ ಜೀವವು ಬಂದ ಮೇಲೆಯೇ ಪರ್ಯಾಪ್ತಿಗಳ ಆರಂಭ; ತಿಂಗಳುಗಳ ಲೆಕ್ಕವೆಲ್ಲ ದೇಹಕ್ಕೆ ಸೇರಿದುದು.

1978ರಲ್ಲಿಯೇ ಇಂಗ್ಲೆಂಡಿನಲ್ಲಿಯೂ ಕಲ್ಕತ್ತೆಯಲ್ಲಿಯೂ ತಾಯಿಯ ಉದರದ ಹೊರಗೆ ಫಲಿತವಾದ ಅಂಡದಿಂದ ಶಿಶುಗಳು ಜನಿಸಿದವು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಗರ್ಭಶಬ್ದಕ್ಕೆ ಎರಡು ನಿರುಕ್ತಿಗಳನ್ನು ಕೊಟ್ಟಿದ್ದಾರೆ: ಸ್ತ್ರೀಯ ಉದರದಲ್ಲಿ ಶುಕ್ರಶೋಣಿತಗಳು ಬೆರೆಯುವುದು ಒಂದು, ತಾಯಿಯುಂಡ ಆಹಾರವನ್ನು ಒಳಗೊಳ್ಳುವುದು ಇನ್ನೊಂದು. ಗಾಜಿನ ಪಾತ್ರೆಯಲ್ಲಿ ಕಳೆದ ಮೊದಲ ಕೆಲವು ದಿನಗಳಿಗೆ ಮೊದಲನೆಯ ನಿರುಕ್ತಿ ಸಲ್ಲುವುದಿಲ್ಲ. ಎರಡನೆಯದು ಸಲ್ಲುವುದು ಗರ್ಭಾಶಯಕ್ಕೆ ಸೇರಿಸಿದ ಮೇಲೆ. ಆ ನಡುವಣ ದಿನಗಳಲ್ಲಿ ಅದು ಯಾವ ಜನ್ಮವೆನಿಸುತ್ತದೆಂಬ ಪ್ರಶ್ನೆಗೆ ಕರ್ಣಾಟಕ ವೃತ್ತಿಯ ಪರ್ಯಾಪ್ತಿಪ್ರಕರಣವನ್ನೂ ತತ್ತ್ವಾರ್ಥದ ಎರಡನೆಯ ಅಧ್ಯಾಯದ ಟೀಕೆಗಳನ್ನೂ ಜೊತೆಗಿಟ್ಟು ಓದಬೇಕಾಗಿದೆ.