ಎರೆನಾಡಿನ ಮೈಯ ಕೆಂಪು

ಮಾಘದ ಬೆಳಗಿನಲ್ಲಿ ನರಗುಂದ, ರೋಣದ ಎರೆಹೊಲಗಳಲ್ಲಿ ಕಡಲೆ ಕೀಳುವ ಹೆಣ್ಣುಮಕ್ಕಳ ಕೈಗಳನ್ನು ಹತ್ತಿರದಿಂದ ನೋಡಬೇಕು. ಹಳೇ ಸೀರೆಯ ಅರಿವೆಯನ್ನು ಅಂಗೈಗೆ ಬಿಗಿಯಾಗಿ ಸುತ್ತಿಕೊಂಡಿರುತ್ತಾರೆ. ಕಡಲೆ ಗಿಡದ ಮೈಮೇಲಿನ ನವಿರು ರೋಮಗಳು ಒಸರುವ ಹುಳಿ, ಅಂದರೆ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ, ಇಬ್ಬನಿಯಲ್ಲಿ ಕರಗಿ ಬೆರಳಸಂದಿಗೆ ಇಳಿಯುತ್ತದೆ. ಇದೇ ಹುಳಿಯನ್ನು ಗಿಡದ ಮೇಲೆ ಬಟ್ಟೆ ಹಾಸಿ, ಹಿಂಡಿ, ಸೀಸೆಗೆ ತುಂಬಿಟ್ಟು ಹೊಟ್ಟೆನೋವಿಗೆ ಕೊಡುವ ರೂಢಿ ಇತ್ತು. ಮನೆಯಲ್ಲಿ ಔಷಧವಾಗುವ ಹುಳಿ ಹೊಲದಲ್ಲಿ ಚರ್ಮವನ್ನು ಸುಡುತ್ತದೆ. ಹೊತ್ತೇರುವಷ್ಟರಲ್ಲಿ ಅರಿವೆ ಬಿಚ್ಚಿದರೆ ಅಂಗೈ ಕೆಂಪಗಾಗಿರುತ್ತದೆ, ಮುಂಗೈ ಮಾತ್ರ ಕಂದಿ ಕಪ್ಪಿಟ್ಟಂತೆ ಕಾಣುತ್ತದೆ. ಆಕೆ ಹೇಳುವುದು ಒಂದೇ ಮಾತು: "ಕೈ ಉರಿಯಾಕತ್ತಾವ್ರಿ." ಕೆಂಪಾಗಿದೆ ಎಂದು ಆಕೆ ಹೇಳುವುದಿಲ್ಲ.

ವೈದ್ಯರು ಇದನ್ನು ಎರಿಥೀಮಾ ಎನ್ನುತ್ತಾರೆ. ಗ್ರೀಕಿನಲ್ಲಿ 'ಎರುಥ್ರೋಸ್' ಎಂದರೆ ಕೆಂಪು. ಭಾಷಾವಿಜ್ಞಾನಿಗಳ ಪ್ರಕಾರ ಈ ಪದವೂ ಸಂಸ್ಕೃತದ 'ರುಧಿರ'ವೂ ಒಂದೇ ಮೂಲದ ಕವಲುಗಳು. ಕನ್ನಡದಲ್ಲಿ ಚರ್ಮಗೆಂಪು ಎಂದರೆ ಸಾಕು. ಅದು ತಾನೇ ಒಂದು ರೋಗವಲ್ಲ, ರೋಗದ ಗುರುತು. ಚರ್ಮದ ಮೇಲುಪದರದ ಕೆಳಗಿನ ಕೂದಲೆಳೆಯಂಥ ರಕ್ತನಾಳಗಳು ಹಿಗ್ಗಿ, ಅಲ್ಲಿ ಹೆಚ್ಚು ರಕ್ತ ಹರಿದಾಗ ಮೂಡುವ ಬಣ್ಣ ಅದು. ಗಾಜಿನ ಬಿಲ್ಲೆಯಿಂದ ಒತ್ತಿದರೆ ರಕ್ತ ಪಕ್ಕಕ್ಕೆ ಸರಿದು ಕೆಂಪು ಮಾಯವಾಗುತ್ತದೆ, ಬಿಟ್ಟರೆ ಮರಳುತ್ತದೆ. ಒತ್ತಿದರೂ ಹೋಗದಿದ್ದರೆ ರಕ್ತ ನಾಳದಿಂದ ಹೊರಗೆ ಸೋರಿದೆ ಎಂದರ್ಥ. ಅದರ ದಾರಿಯೇ ಬೇರೆ. ಇಷ್ಟು ಸರಳ ಪರೀಕ್ಷೆಯನ್ನು ಇಂದಿಗೂ ಯಾವ ಯಂತ್ರವೂ ಮೂಲೆಗೆ ತಳ್ಳಿಲ್ಲ.

ಈ ಕೆಂಪನ್ನು ಓದುವ ವಿದ್ಯೆ ನಮ್ಮಲ್ಲಿ ಹಳೆಯದು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವಿಸರ್ಪಕ್ಕೆ ಒಂದು ಇಡೀ ಅಧ್ಯಾಯವಿದೆ. ಸುತ್ತಲೂ ಹರಿದಾಡುವುದರಿಂದ ಆ ಹೆಸರು. ಮಾಧವನಿದಾನವು ಶೀತಪಿತ್ತ, ಉದರ್ದ, ಕೋಠ ಎಂದು ಮೂರು ಬಗೆಯ ದದ್ದುಗಳನ್ನು ಬೇರ್ಪಡಿಸುತ್ತದೆ. ನಮ್ಮ ಕಡೆ ಪಿತ್ತದ ಗಂಧಿ ಎನ್ನುವುದು ಈ ಶೀತಪಿತ್ತವನ್ನೇ. ರೋಮಿನ ಸೆಲ್ಸಸ್ ಮೊದಲ ಶತಮಾನದಲ್ಲಿ ಉರಿಯೂತಕ್ಕೆ ನಾಲ್ಕು ಲಕ್ಷಣ ಹೇಳಿದ: ಕೆಂಪು, ಕಾವು, ಬಾವು, ನೋವು. ಅವನ ಪಟ್ಟಿಯಲ್ಲಿ ಬಣ್ಣ ಮೊದಲು ಬಂತು. ನಮ್ಮ ಹಳ್ಳಿಯ ಮಾತಿನಲ್ಲಿ ಉರಿ ಮೊದಲು ಬರುತ್ತದೆ. ಈ ವ್ಯತ್ಯಾಸ ಆಕಸ್ಮಿಕವೆಂದು ನನಗನ್ನಿಸುವುದಿಲ್ಲ.

ಕನ್ನಡದ ವೈದ್ಯಗ್ರಂಥಗಳೂ ಬಡವಲ್ಲ. ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕವಿದೆ. 14ನೇ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣ ವಿಷವೈದ್ಯಕ್ಕೇ ಮೀಸಲಾದ ಗ್ರಂಥ. ಚಾಲುಕ್ಯರ ಕಾಲದ ಕೀರ್ತಿವರ್ಮ ದನಕರುಗಳಿಗಾಗಿ ಗೋವೈದ್ಯ ಬರೆದ. ಆದರೆ ರೋಣ ಸೀಮೆಯ ಮನೆಗಳಿಗೆ ಮುಟ್ಟಿದ್ದು ಗ್ರಂಥಗಳಿಗಿಂತ ಮಾತುಗಳು: ಮಕ್ಕಳಿಗೆ ಗೊಬ್ಬರ ಎದ್ದಿದೆ, ಮುದುಕನಿಗೆ ಸರ್ಪಸುತ್ತು ಆಗಿದೆ, ಕಂಕುಳಲ್ಲಿ ಗಜಕರ್ಣ, ಕಾಲಿಗೆ ಇಸಬು. ದಡಾರವನ್ನು ಗೊಬ್ಬರ ಎನ್ನುವ ಈ ಭಾಷೆಯಲ್ಲಿ ಬಣ್ಣದ ಹೆಸರು ಹೊತ್ತ ಚರ್ಮರೋಗ ಅಪರೂಪ. ಹೆಚ್ಚಿನ ಹೆಸರುಗಳು ರೋಗ ಹೇಗೆ ಹಬ್ಬುತ್ತದೆ, ಯಾವ ಆಕಾರ ತಾಳುತ್ತದೆ ಎಂಬುದರ ಸುತ್ತ ಹುಟ್ಟಿವೆ.

ಯುರೋಪಿನಲ್ಲಿ ಹಾಗಾಗಲಿಲ್ಲ. ಲಂಡನ್ನಿನ ರಾಬರ್ಟ್ ವಿಲನ್ ಕಣ್ಣಿಗೆ ಕಂಡ ರೂಪದ ಮೇಲೆಯೇ ಚರ್ಮರೋಗಗಳನ್ನು ವಿಂಗಡಿಸಿ, 1808ರಲ್ಲಿ ಬಣ್ಣದ ಚಿತ್ರಗಳ ಸಮೇತ ಪುಸ್ತಕ ತಂದ. ಕಾಲ್ಗಳ ಮೇಲೆ ಗಂಟುಗಂಟಾಗಿ ಏಳುವ ಎರಿಥೀಮಾ ನೋಡೋಸಮ್‌ಗೆ ಹೆಸರಿಟ್ಟವನೂ ಅವನೇ. ವಿಯೆನ್ನಾದ ಹೆಬ್ರಾ 1860ರಲ್ಲಿ ಎರಿಥೀಮಾ ಮಲ್ಟಿಫಾರ್ಮೆಯನ್ನು ವಿವರಿಸಿದ. ಅವರ ಶ್ರಮ ದೊಡ್ಡದು, ಅದರ ಮೇಲೆಯೇ ಇಂದಿನ ಚರ್ಮವೈದ್ಯ ನಿಂತಿದೆ. ಆದರೆ ಅವರ ಮುಂದೆ ಕುಳಿತ ರೋಗಿಗಳ ಮೈ ಬೆಳ್ಳಗಿತ್ತು. ಪುಸ್ತಕದ ಗುಲಾಬಿ ಬಣ್ಣ ಎರೆನಾಡಿನ ರೈತನ ಬೆನ್ನ ಮೇಲೆ ನೇರಳೆಯಾಗಿ, ಬೂದಿಯಾಗಿ, ಕೆಲವೊಮ್ಮೆ ಬರೀ ಕಪ್ಪಾಗಿ ಕಾಣುತ್ತದೆ. 1957ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಶುರುವಾದಾಗಲೂ ವಿದ್ಯಾರ್ಥಿಗಳು ತಿರುವಿದ್ದು ಅದೇ ಪರಂಪರೆಯ ಪುಸ್ತಕಗಳನ್ನು.

ಕುಷ್ಠರೋಗದಲ್ಲಿ ಈ ಕೊರತೆ ತುಟ್ಟಿಯಾಗುತ್ತದೆ. ಚಿಕಿತ್ಸೆ ನಡೆದಿರುವಾಗಲೇ ಕೆಲವರಿಗೆ ಜ್ವರ ಬಂದು ಮೈತುಂಬ ಗಂಟುಗಳೇಳುತ್ತವೆ. ಇದಕ್ಕೆ 1912ರಲ್ಲಿ ಜಪಾನಿನ ಮುರಾಟಾ ಎರಿಥೀಮಾ ನೋಡೋಸಮ್ ಲೆಪ್ರೋಸಮ್ ಎಂದು ಹೆಸರಿಟ್ಟ. ಹೆಸರಿನಲ್ಲಿ ಕೆಂಪಿದ್ದರೂ ನಮ್ಮ ಮೈಯಲ್ಲಿ ಈ ಗಂಟು ಕಣ್ಣಿಗಿಂತ ಮೊದಲು ಕೈಗೆ ಸಿಗುತ್ತದೆ. ಸವರಿದರೆ ಬಿಸಿ, ಒತ್ತಿದರೆ ನೋವು. 1982ರ ನಂತರ ಬಹುಔಷಧ ಚಿಕಿತ್ಸೆ ಬಂದು ರೋಗ ಹಿಮ್ಮೆಟ್ಟಿತು. 2005ರ ಕೊನೆಗೆ ದೇಶದ ಮಟ್ಟದಲ್ಲಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆಯಾಯಿತು. ಆ ಚಿಕಿತ್ಸೆಯ ಮೂರು ಮಾತ್ರೆಗಳಲ್ಲಿ ಒಂದಾದ ಕ್ಲೋಫಜಿಮೈನ್ ಮೂಲತಃ ಕೆಂಪು ಬಣ್ಣದ ರಸಾಯನ. ಅದು ಮೈಯನ್ನು ಮೊದಲು ಕೆಂಪಗೆ, ಆಮೇಲೆ ಕಪ್ಪಗೆ ಮಾಡುತ್ತದೆ. ಗುಣಪಡಿಸುವ ಮಾತ್ರೆಯೇ ರೋಗವನ್ನು ಊರಿಗೆಲ್ಲ ಸಾರಿಬಿಡುತ್ತದೆ ಎಂದು ರೋಗಿಗಳು ಅಂಜಿದ್ದನ್ನು ನಾವು ಹಗುರವಾಗಿ ತಳ್ಳಿಹಾಕಬಾರದು.

ಜೋಳದ ನಾಡಿಗೆ ಇನ್ನೊಂದು ಕೆಂಪು ಹತ್ತಿರದ್ದು: ಪೆಲಾಗ್ರಾ. ಬಿಸಿಲು ಬೀಳುವ ಕಡೆ, ಅಂದರೆ ಕೊರಳು, ಮುಂಗೈ, ಪಾದದ ಮೇಲ್ಭಾಗದಲ್ಲಿ, ಬಿಸಿಲಿಗೆ ಸುಟ್ಟಂತೆ ಕೆಂಪಾಗಿ ಶುರುವಾಗಿ ನಂತರ ಕಪ್ಪಗೆ, ಒರಟಾಗಿ ಸಿಪ್ಪೆ ಏಳುತ್ತದೆ. ಸ್ಪೇನಿನ ಕಸಾಲ್ ಇದನ್ನು 18ನೇ ಶತಮಾನದಲ್ಲೇ ಮೆಕ್ಕೆಜೋಳ ತಿನ್ನುವ ಬಡವರಲ್ಲಿ ಕಂಡಿದ್ದ. ಕೊರಳ ಸುತ್ತ ಹಾರದಂತೆ ಬೀಳುವ ಗುರುತಿಗೆ ಇಂದಿಗೂ ಅವನ ಹೆಸರಿದೆ. ನಯಾಸಿನ್ ಜೀವಸತ್ವದ ಕೊರತೆಯೇ ಕಾರಣ ಎಂಬುದು 1937ರಲ್ಲಿ ತಿಳಿಯಿತು. ಆದರೆ ದಖ್ಖನ್ನಿನಲ್ಲಿ ಮೆಕ್ಕೆಜೋಳವಲ್ಲ, ಜೋಳ ತಿನ್ನುವವರಿಗೆ ಅದು ಬರುತ್ತಿತ್ತು. ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ಜೋಳದಲ್ಲಿರುವ ಅತಿಯಾದ ಲ್ಯೂಸಿನ್ ಕಡೆ ಬೆರಳು ತೋರಿಸಿದರು. ಅವರ ವಾದದ ಬಗ್ಗೆ ಮುಂದೆ ಚರ್ಚೆ ಬಹಳ ನಡೆಯಿತು. ನನಗೆ ಮುಖ್ಯವೆನಿಸುವುದು ಅವರು ನೋಡಿದ ರೀತಿ: ಬಣ್ಣ ಕಂಡ ಮೇಲೆ ಅವರು ರೋಗಿಯ ತಾಟಿನತ್ತ ತಿರುಗಿದರು. ರೊಟ್ಟಿಯ ಜೊತೆ ಹೆಸರುಕಾಳು, ಮೊಸರು, ಶೇಂಗಾ ಹಿಂಡಿ ಇರುವ ಮನೆಗೆ ಈ ರೋಗ ಸುಳಿಯುವುದು ಕಷ್ಟ. ರೊಟ್ಟಿ, ಖಾರ ಮಾತ್ರ ಇರುವ ಮನೆಗೆ ಅದು ಬರುತ್ತಿತ್ತು.

ನಮ್ಮ ಕಾಲದ ದೊಡ್ಡ ಕಥೆ ಕಾಂಗ್ರೆಸ್ ಕಸದ್ದು. ಪಾರ್ಥೇನಿಯಂ 1955ರಲ್ಲಿ ಪುಣೆಯಲ್ಲಿ ಕಾಣಿಸಿಕೊಂಡಿತು. ಅಮೆರಿಕದ ಗೋಧಿಯೊಂದಿಗೆ ಬಂತೆಂಬ ಮಾತು ಮನೆಮನೆಯಲ್ಲಿದೆ. ಎರಡು ದಶಕದೊಳಗೆ ರಸ್ತೆಬದಿ, ಬದು, ಮಲಪ್ರಭೆಯ ಕಾಲುವೆ ದಂಡೆಗಳೆಲ್ಲ ಅದರ ಪಾಲಾದವು. ಅದರ ಪಾರ್ಥೆನಿನ್ ಎಂಬ ವಸ್ತು ಒಗ್ಗದವರಿಗೆ ಕಣ್ಣರೆಪ್ಪೆ, ಕೊರಳು, ಮೊಣಕೈ ಮಡಿಕೆಗಳಲ್ಲಿ ತುರಿಕೆ, ಉರಿ ಶುರುವಾಗುತ್ತದೆ. ಗಿಡವನ್ನು ಮುಟ್ಟಬೇಕೆಂದೇನಿಲ್ಲ, ಒಣಗಿದ ಗಿಡದ ಧೂಳು ಗಾಳಿಯಲ್ಲಿ ತೂರಿ ಬಂದರೂ ಸಾಕು. ಮಳೆಗಾಲದಲ್ಲಿ ಕೆರಳಿ, ಮೊದಮೊದಲು ಚಳಿಗಾಲದಲ್ಲಿ ಇಳಿದು, ಕೊನೆಗೆ ವರ್ಷವಿಡೀ ಕಾಡುತ್ತದೆ. ತುರಿಸಿ ತುರಿಸಿ ಚರ್ಮ ದಪ್ಪಗಾಗಿ ಎಮ್ಮೆ ತೊಗಲಿನಂತಾಗುತ್ತದೆ. ಕೆಲವರಿಗೆ ಅಡಿಯಿಂದ ಮುಡಿಯವರೆಗೆ ಮೈಯೆಲ್ಲ ಕೆಂಪೇರಿ ಸಿಪ್ಪೆ ಏಳುತ್ತದೆ. ವೈದ್ಯರು ಅದನ್ನು ಎರಿಥ್ರೋಡರ್ಮಾ ಎನ್ನುತ್ತಾರೆ. ಆ ಹಂತದಲ್ಲಿ ಮೈಯ ಕಾವು, ನೀರು ಎರಡೂ ಸೋರಿಹೋಗಿ ಜೀವಕ್ಕೇ ಅಪಾಯ.

ಈ ರೋಗದ ಅಧ್ಯಯನದಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿ. ಸುಬ್ಬರಾವ್ ಮತ್ತು ಸಂಗಡಿಗರು 1977ರಲ್ಲಿ ಈ ಗಿಡದ ನಡುವೆ ಬದುಕುವವರನ್ನು ಪರೀಕ್ಷಿಸಿ ಪ್ರಬಂಧ ಪ್ರಕಟಿಸಿದರು. 1984ರಲ್ಲಿ ಮೆಕ್ಸಿಕೋದ ಒಂದು ದುಂಬಿಯನ್ನು ಬೆಂಗಳೂರಿನ ಸುತ್ತ ಬಿಟ್ಟರು. ಮಳೆಗಾಲದಲ್ಲಿ ಅದು ಎಲೆಗಳನ್ನು ತಿಂದು ಗಿಡವನ್ನು ಬೋಳಿಸುತ್ತದೆ, ಒಣ ತಿಂಗಳುಗಳಲ್ಲಿ ಮಣ್ಣಿನೊಳಗೆ ಮಲಗುತ್ತದೆ. 1997ರ ಅಕ್ಟೋಬರಿನಲ್ಲಿ ಪಾರ್ಥೇನಿಯಂ ನಿರ್ವಹಣೆಯ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ. ತಗಚೆಯ ಬಳಗದ ಗಿಡ ಬೆಳೆಸಿ ಕಾಂಗ್ರೆಸ್ ಕಸವನ್ನು ಹೊರದಬ್ಬುವ ಉಪಾಯವನ್ನು ಕೃಷಿ ವಿಜ್ಞಾನಿ ಎಂ. ಮಹದೇವಪ್ಪನವರು ಊರೂರಿಗೆ ಮುಟ್ಟಿಸಿದರು. ಚರ್ಮದ ರೋಗವೊಂದರ ಮದ್ದನ್ನು ಕೃಷಿ ವಿಜ್ಞಾನಿಗಳು ಬದುವಿನಲ್ಲಿ ಹುಡುಕಿದ ಈ ಅಧ್ಯಾಯ ನನಗೆ ಬಹಳ ಪ್ರಿಯ.

ಇತ್ತೀಚಿನ ಅಧ್ಯಾಯ ಮಾತ್ರ ನೋವಿನದು. 1952ರಲ್ಲಿ ಹೈಡ್ರೊಕಾರ್ಟಿಸೋನ್ ಮುಲಾಮು ಚರ್ಮವೈದ್ಯದ ದಿಕ್ಕನ್ನೇ ಬದಲಿಸಿತು. ಅದರ ಬಲಾಢ್ಯ ತಮ್ಮಂದಿರು ಇವತ್ತು ಗಜೇಂದ್ರಗಡದ ಸಂತೆಗೆ ಬಂದವರ ಕೈಗೂ ಚೀಟಿಯಿಲ್ಲದೆ ಸಿಗುತ್ತವೆ. ಗಜಕರ್ಣಕ್ಕೆ ಹಚ್ಚಿದರೆ ಎರಡು ದಿನದಲ್ಲಿ ಉರಿ, ಕೆಂಪು ಮಾಯ. ಕೆಳಗೆ ಬೂಸು ನಿಶ್ಚಿಂತೆಯಿಂದ ಹಬ್ಬುತ್ತದೆ. ಮುಖ ಬೆಳ್ಳಗಾಗಲೆಂದು ತಿಂಗಳುಗಟ್ಟಲೆ ಹಚ್ಚಿಕೊಂಡ ಹುಡುಗಿಯರ ಚರ್ಮ ತೆಳ್ಳಗಾಗಿ, ಬಿಸಿಲಿಗೆ ಬಂದೊಡನೆ ಉರಿದು ಕೆಂಪೇರುತ್ತದೆ. ಮುಲಾಮು ಬಿಟ್ಟರೆ ಉರಿ ಇನ್ನೂ ಹೆಚ್ಚು, ಹಾಗಾಗಿ ಮತ್ತೆ ಅದೇ ಟ್ಯೂಬು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಕಾನೂನು ಬಂತು, ಟ್ಯೂಬು ಇನ್ನೂ ಸಲೀಸಾಗಿ ಸಿಗುತ್ತಿದೆ.

2020ರಲ್ಲಿ ಲಂಡನ್ನಿನ ವೈದ್ಯಕೀಯ ವಿದ್ಯಾರ್ಥಿ ಮಲೋನ್ ಮುಕ್ವೆಂಡೆ ತನ್ನ ಅಧ್ಯಾಪಕರೊಡನೆ ಸೇರಿ, ಕಪ್ಪು, ಕಂದು ಚರ್ಮದ ಮೇಲೆ ರೋಗಲಕ್ಷಣಗಳು ಹೇಗೆ ಕಾಣುತ್ತವೆ ಎಂಬ ಕೈಪಿಡಿ ತಂದ. ವಿಲನ್ನನ ಊರಿನಲ್ಲೇ, ಅವನ ಪುಸ್ತಕ ಬಂದ 212 ವರ್ಷಗಳ ನಂತರ. ಗದಗಿನಲ್ಲೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ರೋಣ, ನರಗುಂದದ ರೋಗಿಗಳೇ ಅಲ್ಲಿನ ಮಕ್ಕಳಿಗೆ ಪಠ್ಯ. ಅವರು ಕಲಿಯಬೇಕಾದದ್ದು ಬಹಳವಿದೆ, ಆದರೆ ಮೊದಲನೆಯದು ಹೀಗಿದ್ದರೆ ಒಳ್ಳೆಯದು: ರೋಗಿಯನ್ನು ಟ್ಯೂಬ್‌ಲೈಟಿನಿಂದ ಕಿಟಕಿಯ ಬೆಳಕಿಗೆ ಕರೆಯುವುದು, ಕಣ್ಣಿನ ಕೆಳರೆಪ್ಪೆ ಮತ್ತು ಅಂಗೈ ನೋಡುವುದು, ನೊಂದ ಜಾಗವನ್ನೂ ಪಕ್ಕದ ಒಳ್ಳೆಯ ಜಾಗವನ್ನೂ ಬೆರಳ ಹಿಂಬದಿಯಿಂದ ಮುಟ್ಟಿ ಯಾವುದು ಬಿಸಿ ಎಂದು ತಿಳಿಯುವುದು. ಆಮೇಲೆ ಕೇಳುವುದು, "ಯವ್ವಾ, ನಿನ್ನೆ ಯಾವ ಹೊಲಕ್ಕ ಹೋಗಿದ್ದಿ?"